ರೋಲರಿನ ಮೇಲೆ ಮೂರು ಗೆರೆ

“ಮುಟ್ಟಬೇಡಿ ಸಾಹೇಬ್ರೆ!”

ಸಾವಿತ್ರಮ್ಮ ಕೂಗಿದ ರಭಸಕ್ಕೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ. ಭದ್ರಾವತಿಯ ಫುಟ್‌ಬಾಲ್ ಮೈದಾನದ ಮೂಲೆಯಲ್ಲಿ, ನೆಲ ಸಮ ಮಾಡುವ ಕಲ್ಲಿನ ರೋಲರ್ ಎದುರು, ಮಂಡಿ ನೋವನ್ನು ಶಪಿಸುತ್ತಾ ಕೂತಿದ್ದೆ. ಸರ್ಕಾರ ಇನ್‌ಸ್ಪೆಕ್ಟರಿಗೆ ಪಿಂಚಣಿ ಕೊಟ್ಟು ಮನೆಗೆ ಕಳಿಸುತ್ತದೆ, ಅವನ ಮಂಡಿಗಳಿಗೆ ಏನೂ ಕೊಡುವುದಿಲ್ಲ.

“ಯಾಕಮ್ಮ? ನೀವೇ ಮಾಡಿದ ಆಯುಧಪೂಜೆ ಅಲ್ವಾ ಇದು?”

“ಅಲ್ಲ. ಅದಕ್ಕೇ ಬೇಡ ಅಂದದ್ದು. ಇದು ನಾವು ಮಾಡಿದ ಪೂಜೆ ಅಲ್ಲ.”

ಬಿಸಿಲು ಆಗಲೇ ಏರಿತ್ತು. 

ಭದ್ರಾ ರೋವರ್ಸ್ ಕ್ಲಬ್ಬಿನ ಚೀಫ್ ಎಕ್ಸಿಕ್ಯೂಟಿವ್ ಹಾಲಸ್ವಾಮಿ ಆಯುಧಪೂಜೆಯ ಮಧ್ಯಾಹ್ನ ಈ ಮೈದಾನಕ್ಕೆ ಬಂದವನು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ರಕ್ತದ ಕಲೆಯಿದ್ದ ಅವನ ಕನ್ನಡಕ ಗೋಲ್ ಕಂಬದ ಹತ್ತಿರ ಸಿಕ್ಕಿತ್ತು. ಮೈದಾನದ ಮಾಲಿ ಪುಟ್ಟಣ್ಣ, ಅಂದರೆ ಸಾವಿತ್ರಮ್ಮನ ಗಂಡ, ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಕೊಲೆಗಾರನೆಂದು ನಿಲ್ಲಿಸುತ್ತಾರೆ. ಅಷ್ಟರೊಳಗೆ ನಾನು ಏನಾದರೂ ಕಂಡುಹಿಡಿಯಬೇಕಿತ್ತು.

ಪುಟ್ಟಣ್ಣನ ಮೇಲೆ ಅನುಮಾನ ಬರಲು ಅವನ ಬಾಯಿಯೇ ಸಾಕಾಗಿತ್ತು. ತಿಂಗಳ ಹಿಂದೆ ಹಾಲಸ್ವಾಮಿ ಆಟಗಾರರೆಲ್ಲರ ಎದುರು, “ಬೆರಳಿಲ್ಲದ ಮಾಲಿ ಈ ಮೈದಾನಕ್ಕೆ ಸಾಲಲ್ಲ, ಬೇರೆಯವನನ್ನ ತರ್ತೀನಿ” ಅಂದಿದ್ದ. ಪುಟ್ಟಣ್ಣ, “ನನ್ನ ತೆಗೆದ್ರೆ ನಿಮ್ಮನ್ನ ಇಲ್ಲೇ ಹೂಳ್ತೀನಿ” ಅಂದುಬಿಟ್ಟಿದ್ದ. ಇಪ್ಪತ್ತು ಜನ ಕೇಳಿಸಿಕೊಂಡಿದ್ದರು.

ನಿನ್ನೆ ರಾತ್ರಿ ಠಾಣೆಯಲ್ಲಿ ಅವನನ್ನು ಮಾತಾಡಿಸಿದ್ದೆ. ಮಾಡಿದೆ ಅಂತಲೂ ಅನ್ನಲಿಲ್ಲ, ಮಾಡಿಲ್ಲ ಅಂತಲೂ ಅನ್ನಲಿಲ್ಲ. ಬಲಗೈಯ ಎರಡು ಮೊಂಡು ಬೆರಳುಗಳನ್ನು ನೋಡುತ್ತಾ ಕೂತಿದ್ದ. ನಿರಪರಾಧಿಗೆ ಅವಮಾನವಾದಾಗ ಹೀಗೇ ಮಾತು ನಿಂತುಹೋಗುತ್ತದೆ ಎಂದು ನನಗೆ ಅನ್ನಿಸಿತ್ತು. ಮೂವತ್ತು ವರ್ಷದ ಸರ್ವಿಸಿನ ಅಹಂಕಾರ ಅದು.

“ನೀವು ಮಾಡಿದ ಪೂಜೆ ಹೇಗಿತ್ತು, ಬಿಡಿಸಿ ಹೇಳು ತಾಯಿ,” ಅಂದೆ.

“ಬೆಳಿಗ್ಗೆ ಎಂಟು ಗಂಟೆಗೆ ಇಬ್ರೂ ಬಂದ್ವಿ. ರೋಲರ್ ತೊಳೆದೆ. ಕುಂಕುಮಾನ ಹರಳೆಣ್ಣೇಲಿ ಕಲಸಿ ಇಲ್ಲಿ, ಎದುರಿಗೆ, ಐದು ಬೊಟ್ಟು ಇಟ್ಟೆ. ದಪ್ಪಗೆ ಇಟ್ಟೆ, ಕಲ್ಲಿಗೆ ಹಿಡೀಬೇಕಲ್ಲ. ಇವರು ಚೆಂಡುಹೂವಿನ ಸರ ಹಾಕಿದ್ರು. ಕಾಯಿ ಒಡೆದು ಮನೆಗೆ ಹೋದ್ವಿ. ವಿಭೂತಿ ನಾವು ಮನುಷ್ಯರಿಗೆ ಹಚ್ತೀವಿ, ದೇವರಿಗೆ ಹಚ್ತೀವಿ. ಆಯುಧಕ್ಕೆ ಕುಂಕುಮ ಅಷ್ಟೇ.”

ಈಗ ಎದುರಿಗೆ ಒಂದು ಬೊಟ್ಟೂ ಇರಲಿಲ್ಲ. ಕಲ್ಲಿನ ಮೇಲೆ ಅಡ್ಡಡ್ಡ ಮೂರು ವಿಭೂತಿ ಗೆರೆಗಳಿದ್ದವು, ಮೂರನೆಯದು ಅರ್ಧಕ್ಕೇ ನಿಂತಿತ್ತು. ಗೆರೆಗಳ ನಡುವೆ ಒಂದು ಒಣಗಿದ ಬಿಲ್ವಪತ್ರೆ ಅಂಟಿಕೊಂಡಿತ್ತು.

“ಪೂಜೆ ಆದ್ಮೇಲೆ ಯಾರಾದ್ರೂ ಎಳೆದಿರಬಹುದಾ?”

ಅವಳು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು. “ಆಯುಧಪೂಜೆ ದಿನವಾ? ಕಾರ್ಖಾನೆ ಊರು ಸಾಹೇಬ್ರೆ ಇದು. ಪೂಜೆ ಮಾಡಿದ ಸುತ್ತಿಗೇನ ವಿಜಯದಶಮಿವರೆಗೆ ಯಾರೂ ಎತ್ತಲ್ಲ. ತಮಿಳರೂ ಎತ್ತಲ್ಲ, ತೆಲುಗರೂ ಎತ್ತಲ್ಲ. ಆಮೇಲೆ ಮೈದಾನಕ್ಕೆ ಪೊಲೀಸಿನವರು ಬೀಗ ಹಾಕಿದ್ರಲ್ಲ.”

ಪೊಲೀಸಿನವರು ಈ ಮೂರು ಗೆರೆಗಳನ್ನು ನೋಡಿರಲಿಲ್ಲ ಎಂದಲ್ಲ. ನಾನೂ ಎರಡು ಸಲ ನೋಡಿ ಸುಮ್ಮನಾಗಿದ್ದೆ. ಅದು ಕ್ಲಬ್ಬಿನ ಚಿಹ್ನೆ, ಈ ಮೈದಾನದ ತುಂಬ ಇತ್ತು. ತಗಡಿನ ಬೇಲಿಯ ಮೇಲಿತ್ತು, ಟಿಕೆಟ್ಟಿನ ಮೇಲಿತ್ತು, ಹೊಸ ಗ್ಯಾಲರಿಯ ನೆತ್ತಿಯ ಮೇಲಿತ್ತು. ಎಲ್ಲೆಲ್ಲೂ ಇರುವುದನ್ನು ಯಾರು ತಾನೇ ಕಣ್ಣಿಟ್ಟು ನೋಡುತ್ತಾರೆ?

ನೆಲದ ಮೇಲೆ ಕೈಯೂರಿ ಬಗ್ಗಿ ರೋಲರಿನ ಅಡಿಗೆ ಇಣುಕಿದೆ. ಮಣ್ಣಿಗೆ ಒತ್ತಿಕೊಂಡಿದ್ದ ಕಡೆ ಎಣ್ಣೆ ಕುಂಕುಮದ ಕೆಂಪು ಕಾಣಿಸಿತು. ಹಿಂಡಿ ಹೋದ ಚೆಂಡುಹೂವಿನ ಎಸಳುಗಳೂ ಇದ್ದವು.

ರೋಲರ್ ಉರುಳಿತ್ತು. ಪೂಜೆ ಆದ ಮೇಲೆ ಉರುಳಿತ್ತು.

ಎದ್ದು ನಡೆದೆ. ದಸರಾ ಕಳೆದ ಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಮೂರು ಹೆಜ್ಜೆಗೆ ಒಂದು ಕೆಂಪು ಗುರುತು. ಮತ್ತೆ ಮೂರು ಹೆಜ್ಜೆಗೆ ಇನ್ನೊಂದು, ಸ್ವಲ್ಪ ಮಂಕು. ಸಾವಿತ್ರಮ್ಮ ದಪ್ಪಗೆ ಇಟ್ಟ ಕುಂಕುಮ ಕಲ್ಲಿನ ಜೊತೆ ಸುತ್ತಿ ಸುತ್ತಿ ನೆಲಕ್ಕೆ ಒತ್ತುತ್ತಾ ಹೋಗಿತ್ತು. ಏಳನೇ ಗುರುತು ನಾನು ಮೂಗು ನೆಲಕ್ಕೆ ತಾಗಿಸಿದರೂ ಕಾಣದಷ್ಟು ಮಸುಕು. ಆದರೆ ಅಷ್ಟು ಹೊತ್ತಿಗೆ ದಾರಿ ಗೊತ್ತಾಗಿತ್ತು.

ಅದು ಉತ್ತರದ ಗೋಲಿಗೆ ಹೋಗಿತ್ತು.

ಗೋಲಿನ ಮುಂದಿನ ನೆಲವನ್ನು ದೀಪಾವಳಿ ಪಂದ್ಯಕ್ಕೆಂದು ಅಗೆದು ಹೊಸ ಮಣ್ಣು ತುಂಬುವ ಕೆಲಸ ಹಬ್ಬದ ಮುಂಚೆಯೇ ಶುರುವಾಗಿತ್ತು. ಅಲ್ಲಿ ಹಸಿ ಮಣ್ಣು ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಅರ್ಧಂಬರ್ಧ ಆಗಿದ್ದ ಕೆಲಸ ಈಗ ನೀಟಾಗಿ ಮುಗಿದಿತ್ತು. ಆರಡಿ ಉದ್ದದ ನೆಲ ಕನ್ನಡಿಯ ಹಾಗೆ ಸಮವಾಗಿತ್ತು.

ಅದರ ಅಂಚಿನಲ್ಲಿ ಮಣ್ಣಿನೊಳಗಿಂದ ಒಂದು ಬಟ್ಟೆಯ ತುದಿ ಹೊರಗೆ ಚಾಚಿತ್ತು. ಎಳೆದರೆ ಗೇಣುದ್ದ ಬಂದು ಹರಿಯಿತು. ಹಸಿರು ಬಟ್ಟೆ, ಹಳದಿ ಚುಕ್ಕಿ. ಬರಿಗಾಲಲ್ಲಿ ಆಡುವವರು ಕಾಲಿಗೆ ಸುತ್ತಿಕೊಳ್ಳುವ ಪಟ್ಟಿ. ಇಂಥವು ಈ ಮೈದಾನದಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಅಭ್ಯಾಸಬಲದಿಂದ ಜೇಬಿಗೆ ಹಾಕಿಕೊಂಡೆ.

ಸಾವಿತ್ರಮ್ಮ ಗೋಲಿನ ಹತ್ತಿರ ಬರಲಿಲ್ಲ. ದೂರದಿಂದಲೇ ಕೇಳಿದಳು. “ಚೀಫ್ ಸಾಹೇಬ್ರು ಅಲ್ಲಿದ್ದಾರಾ?”

“ಗೊತ್ತಿಲ್ಲ. ಒಂದು ಮಾತು ಮಾತ್ರ ಗೊತ್ತು. ಆ ಮೂರು ಗೆರೆ ಎಳೆದದ್ದು ನಿನ್ನ ಗಂಡ ಅಲ್ಲ. ಎಳೆಯೋಕೆ ಅವನಿಗೆ ಬೆರಳೇ ಇಲ್ಲ.”

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನಾನು ಡಬ್ಬಿ ತೆಗೆದು ನಸ್ಯ ಏರಿಸಿದೆ. ಇಂಥ ಹೊತ್ತಿನಲ್ಲಿ ಕಣ್ಣೊರೆಸಿಕೊಳ್ಳಲು ಅದು ಒಳ್ಳೆಯ ನೆಪ.

*

ಗ್ಯಾಲರಿಯ ಕೆಳಗೆ ಹಾಲಸ್ವಾಮಿಯ ಕೋಣೆ. ಕಾವಲಿನ ಪೇದೆ ಬೀಗ ತೆಗೆದುಕೊಟ್ಟ.

ಹಾಲಸ್ವಾಮಿ ನಮ್ಮ ಶಿವಮೊಗ್ಗದವನೇ. ಬೊಂಬಾಯಿಯಲ್ಲಿ ಹತ್ತು ವರ್ಷ ಸಾಬೂನು ಮಾರಿ ಬಂದವನು. ಫುಟ್‌ಬಾಲ್ ಕ್ಲಬ್ಬಿಗೆ ಚೀಫ್ ಎಕ್ಸಿಕ್ಯೂಟಿವ್ ಅಂತ ಒಬ್ಬ ಇರುತ್ತಾನೆ ಎಂಬುದನ್ನು ಈ ಸೀಮೆ ಮೊದಲು ಕೇಳಿದ್ದು ಅವನ ಬಾಗಿಲಿನ ಬೋರ್ಡು ನೋಡಿ. ಹಿಂದಿನ ಸೆಕ್ರೆಟರಿಗಳು ಚೆಂಡಿಗೆ ಗಾಳಿ ತುಂಬಿಸಿ, ಸೋತರೆ ರೆಫರಿಯನ್ನು ಬೈದು, ಗೆದ್ದರೆ ಖಾರಾ ಮಂಡಕ್ಕಿ ಹಂಚಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಬಂದ ಎಂಟು ತಿಂಗಳಲ್ಲಿ ಬಯಲು ಮೈದಾನಕ್ಕೆ ತಗಡಿನ ಬೇಲಿ ಬಂತು. ಬೇಲಿಯ ಒಳಮೈಯನ್ನು ಬೀಡಿ, ಚಹಾಪುಡಿ, ತಲೆ ಎಣ್ಣೆಯ ಜಾಹೀರಾತಿಗೆ ಬಾಡಿಗೆ ಕೊಟ್ಟ. ಹೆಂಗಸರಿಗೆ ಬೇರೆ ಗ್ಯಾಲರಿ. ಶಿವಮೊಗ್ಗದಿಂದ ಪಂದ್ಯದ ದಿನ ಸ್ಪೆಷಲ್ ಬಸ್ಸು, ಬಸ್ಸಿನ ಟಿಕೆಟ್ಟಿನಲ್ಲೇ ಪಂದ್ಯದ ಟಿಕೆಟ್ಟು. ಬೇಲಿ ದಾಟದೆ ಹೊರಗಿನ ಬೇವಿನಮರ ಹತ್ತಿ ನೋಡುವವರಿಗೆ ಮರದ ಬುಡದಲ್ಲೇ ಅರ್ಧ ದರದ ಟಿಕೆಟ್ಟು!

ಹೇಳಿದರೆ ನಾಚಿಕೆ. ಕ್ಲಬ್ಬಿನ ಟವೆಲ್ಲನ್ನು ನಾನೂ ಕೊಂಡಿದ್ದೆ. ಹೆಗಲ ಮೇಲೆ ಟವೆಲ್ ಇಲ್ಲದ ಗಂಡಸು ನಮ್ಮ ಕಡೆ ಇಲ್ಲ. ಅದಕ್ಕೆ ನೀಲಿ ಅಂಚು ಹಾಕಿಸಿ, ಮೂಲೆಯಲ್ಲಿ ವಿಭೂತಿಯ ಮೂರು ಗೆರೆ ಅಚ್ಚೊತ್ತಿಸಿ ಮಾರಿದರೆ ಸಂತೆಗೆ ಹೋದವನೂ ಕ್ಲಬ್ಬಿನವನೇ ಆಗುತ್ತಾನೆ ಎಂದು ಯೋಚಿಸಿದ ತಲೆ ಸಾಮಾನ್ಯದ್ದಲ್ಲ.

ಆ ಮೂರು ಗೆರೆ ಬಂದದ್ದು ಕ್ಲಬ್ಬಿನ ಅಧ್ಯಕ್ಷ ಶಿವಶಂಕರಪ್ಪನವರಿಂದ. ಮರದ ವ್ಯಾಪಾರದ ಸಾಹುಕಾರರು, ಕ್ಲಬ್ಬು ಕಟ್ಟಿದವರು, ನನ್ನನ್ನು ಈ ಕೇಸಿಗೆ ಕರೆಸಿದವರು. ಮೂವತ್ತು ವರ್ಷದಿಂದ ಪ್ರತಿ ಪಂದ್ಯಕ್ಕೂ ಮುಂಚೆ ಅವರು ತಮ್ಮ ಕೈಯಿಂದ ಚೆಂಡಿಗೆ ವಿಭೂತಿ ಹಚ್ಚುತ್ತಾರೆ. ಕೋಟಿನ ಜೇಬಿನಿಂದ ಬೆಳಗಿನ ಪೂಜೆಯ ಬಿಲ್ವಪತ್ರೆ ತೆಗೆದು ಆಟಗಾರರಿಗೆ ಕೊಡುತ್ತಾರೆ. ಅವರ ಉಂಗುರದ ಬೆರಳು ಚಿಕ್ಕಂದಿನಲ್ಲಿ ಮುರಿದು ಬಗ್ಗಿಹೋಗಿದೆ. ಹಾಗಾಗಿ ಮೂರನೇ ಗೆರೆ ಅರ್ಧಕ್ಕೇ ನಿಲ್ಲುತ್ತದೆ. ಹಾಲಸ್ವಾಮಿ ಅದನ್ನು ಹಾಗೇ ಚಿಹ್ನೆ ಮಾಡಿದ.

ಗೋಡೆಯ ಮೇಲೆ ಅವನ ಯೋಜನೆಯ ನಕ್ಷೆ ಇತ್ತು. ಶಿವಮೊಗ್ಗ ಒಂದು ಕಡೆ, ಭದ್ರಾವತಿ ಒಂದು ಕಡೆ, ನಡುವೆ ಕೆಂಪು ಪೆನ್ಸಿಲ್ಲಿನ ಗೆರೆ. ರಾಗಿಗುಡ್ಡದ ಹತ್ತಿರ ಎರಡನೇ ಮೈದಾನ. ಕೆಳಗೆ ಗುಂಡಗಿನ ಅಕ್ಷರದಲ್ಲಿ ಬರೆದಿದ್ದ: “ವರ್ಷಕ್ಕೆ ಒಬ್ಬ ಆಟಗಾರನನ್ನು ದೊಡ್ಡ ಊರಿನ ಕ್ಲಬ್ಬಿಗೆ ಕೊಡುವುದು. ಮೊದಲನೆಯವನು ಭೈರಪ್ಪ.”

ಭೈರಪ್ಪ ಸಾವಿತ್ರಮ್ಮನ ತಮ್ಮ. ಇಡೀ ಊರಿಗೆ ಅವನು ಭೈರ. ರೋವರ್ಸಿನ ಸೆಂಟರ್ ಫಾರ್ವರ್ಡ್. ಅವನನ್ನು ಕಲ್ಕತ್ತಾದ ಒಂದು ಕ್ಲಬ್ಬಿಗೆ ಕೊಟ್ಟು ಆ ಹಣದಲ್ಲಿ ಗ್ಯಾಲರಿಯ ಸಾಲ ತೀರಿಸಿದ್ದರು. ಆಯುಧಪೂಜೆಗೆ ಎರಡು ದಿನ ಮುಂಚೆ ಶಿವಮೊಗ್ಗ ಸ್ಟೇಷನ್ನಿನಲ್ಲಿ ಹಾರ ಹಾಕಿ ಬ್ಯಾಂಡು ಬಾರಿಸಿ ರೈಲು ಹತ್ತಿಸಿದ್ದನ್ನು ನಾನೂ ಕಂಡಿದ್ದೆ. ಹುಡುಗ ನಗುತ್ತಿರಲಿಲ್ಲ. ಊರು ಬಿಡುವ ಸಂಕಟ ಅಂದುಕೊಂಡೆ.

ಮೂಲೆಯಲ್ಲಿ ಕಳೆದ ಪಂದ್ಯದ ಚೆಂಡು ಇತ್ತು. ಅದನ್ನು ಹಾಲಸ್ವಾಮಿ ಒರೆಸಲು ಬಿಡುತ್ತಿರಲಿಲ್ಲ, ಗೆದ್ದ ಚೆಂಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಆಲೋಚನೆ ಅವನದು. ಕಿಟಕಿಯ ಬೆಳಕಿಗೆ ಹಿಡಿದೆ.

ಮೂರನೇ ಗೆರೆ ಅರ್ಧಕ್ಕೆ ನಿಂತಿತ್ತು. ಆದರೆ ಪೂರ್ತಿ ನಿಂತಿರಲಿಲ್ಲ. ಅಲ್ಲಿಂದ ಮುಂದಕ್ಕೆ ಕೂದಲೆಳೆಯಷ್ಟು ಸಣ್ಣ ಗೀರು ಹೋಗಿತ್ತು. ಬಗ್ಗಿದ ಬೆರಳಿನ ಉಗುರು ತಾಗಿದ ಗುರುತು. ಟವೆಲ್ಲಿನ ಚಿಹ್ನೆ ಬರೆದ ಚಿತ್ರಕಾರನಿಗೆ ಅದು ಕಂಡಿರಲಿಲ್ಲ. ಬೇಲಿಯ ಮೇಲೂ ಇಲ್ಲ, ಟಿಕೆಟ್ಟಿನ ಮೇಲೂ ಇಲ್ಲ.

ಚೆಂಡನ್ನು ಹಿಡಿದುಕೊಂಡು ರೋಲರಿನ ಹತ್ತಿರ ಓಡಿದೆ. ಮಂಡಿಯ ನೆನಪಾಗಲಿಲ್ಲ.

ಕಲ್ಲಿನ ಮೇಲೂ ಆ ಗೀರು ಇತ್ತು.

 ಬೆಳಿಗ್ಗೆ ನಾನು ಹಚ್ಚಿಕೊಂಡ ಮೂರು ಗೆರೆ ನನ್ನ ಹಣೆಯ ಮೇಲೆ ಉರಿದಂತಾಯಿತು. ಹೆದರಿಕೆಯೂ ಆಯಿತು, ಕೋಪವೂ ಬಂತು. ಎರಡಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅಗೆಸುವ ಅಧಿಕಾರ ಪಿಂಚಣಿದಾರನಿಗೆ ಇಲ್ಲ. ಸಬ್ ಇನ್‌ಸ್ಪೆಕ್ಟರಿಗೆ ಚೀಟಿ ಬರೆದು ಪೇದೆಯ ಕೈಯಲ್ಲಿ ಕೊಟ್ಟೆ. ಸಂಜೆ ನಾಲ್ಕಕ್ಕೆ ಆಳುಗಳನ್ನು ಕರೆದುಕೊಂಡು ಬಂದು ಉತ್ತರದ ಗೋಲಿನ ಮುಂದೆ ಅಗೆಸುತ್ತೇನೆ ಎಂದು ಉತ್ತರ ಬಂತು. ಅಷ್ಟರಲ್ಲಿ ನನಗೆ ಶಿವಮೊಗ್ಗದಲ್ಲಿ ಒಂದು ಕೆಲಸವಿತ್ತು.

“ನಾನೂ ಬರ್ತೀನಿ,” ಅಂದಳು ಸಾವಿತ್ರಮ್ಮ. “ಸಾಹುಕಾರ್ರ ಕಾಲಿಗೆ ಬೀಳ್ತೀನಿ. ಅವರ ಸಾಮಿಲ್ಲಿನಲ್ಲೇ ಇವರ ಬೆರಳು ಹೋದದ್ದು. ಅವರೇ ಈ ಕೆಲಸ ಕೊಡಿಸಿದ್ದು. ಅವರೊಂದು ಮಾತು ಹೇಳಿದ್ರೆ ಠಾಣೆಯವರು ಕೇಳಲ್ವಾ?”

ಅವಳನ್ನೂ ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟೆ.

*

ಬಸ್ಸಿನಲ್ಲಿ ಅವಳು ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಗಂಡನಿಗೆಂದು ಕಟ್ಟಿದ ರೊಟ್ಟಿ. ಬೆಳಿಗ್ಗೆ ಠಾಣೆಯಲ್ಲಿ ಅವನು ಮುಟ್ಟಿರಲಿಲ್ಲ.

“ಇವರು ಯಾಕೆ ಕೊಲ್ತಾರೆ ಸಾಹೇಬ್ರೆ? ಮೊದಲು ಜಗಳ ಆಗಿತ್ತು, ನಿಜ. ಆಮೇಲೆ ಚೀಫ್ ಸಾಹೇಬ್ರೇ ಮನೆಗೆ ಬಂದು, ‘ಭೈರ ಕಲ್ಕತ್ತಾಗೆ ಹೋಗೋಕೆ ಸಹಿ ಹಾಕಿದ್ರೆ ಪುಟ್ಟಣ್ಣನ ಕೆಲಸ ಕಾಯಂ, ಇರೋಕೆ ಮನೇನೂ ಕೊಡ್ತೀನಿ’ ಅಂದ್ರು. ಭೈರ ಸಹಿ ಹಾಕ್ದ. ಎಲ್ಲ ಸರಿಹೋಗಿತ್ತು.”

“ಅವನಿಗೆ ಹೋಗೋಕೆ ಮನಸ್ಸಿತ್ತಾ?”

“ಎಲ್ಲಿ ಮನಸ್ಸು? ಅಲ್ಲಿ ಬೂಟು ಹಾಕ್ಕೊಂಡು ಆಡಬೇಕಂತೆ ಅಕ್ಕಾ, ನನ್ನ ಕಾಲಿಗೆ ಚೆಂಡೇ ತಿಳಿಯಲ್ಲ ಅಂತಿದ್ದ. ಹೊರಡೋ ದಿನ ಬೆಳಿಗ್ಗೆ ನನ್ನ ಮದುವೆ ಸೀರೇನೇ ಹರಿದು ಪಟ್ಟಿ ಮಾಡಿ ಟ್ರಂಕಿನಲ್ಲಿಟ್ಟೆ. ಬೂಟಿನೊಳಗೆ ಇದನ್ನ ಸುತ್ಕೋ ಮಾರಾಯ, ಅಕ್ಕ ಹತ್ರಾನೇ ಇದ್ದ ಹಾಗೆ ಅಂದೆ.” ಅವಳು ಮೊದಲ ಸಲ ಸ್ವಲ್ಪ ನಕ್ಕಳು. “ಇನ್ನೂ ಕಾಗದ ಇಲ್ಲ. ದೂರದ ಊರು ತಾನೇ.”

ನಾನು ತಲೆಯಾಡಿಸಿದೆ. ನನ್ನ ಕಿವಿ ಅವಳ ಕಡೆ ಇತ್ತು, ತಲೆ ಶಿವಶಂಕರಪ್ಪನವರ ಕಡೆ ಇತ್ತು. ಆ ಕಲ್ಲಿನ ರೋಲರನ್ನು ಒಬ್ಬರೇ ಎಳೆಯಲಾಗುವುದಿಲ್ಲ. ಅರವತ್ತೆಂಟರ ಮುದುಕರಂತೂ ಎಳೆಯಲಾರರು. ಇನ್ನೊಬ್ಬ ಯಾರು ಎಂಬುದೊಂದೇ ನನ್ನನ್ನು ಕೊರೆಯುತ್ತಿತ್ತು.

*

ವಿದ್ಯಾನಗರದ ಮನೆಯ ಹಿತ್ತಿಲಿನಲ್ಲಿ ಬಿಲ್ವದ ಮರ ಬೇಲಿಯಾಚೆಗೂ ಕಾಣುತ್ತದೆ. ಸಾವಿತ್ರಮ್ಮನನ್ನು ಜಗಲಿಯ ಮೇಲೆ ಕೂರಿಸಿ, “ನಾನು ಮೊದಲು ಮಾತಾಡ್ತೀನಿ” ಎಂದು ಒಳಗೆ ಹೋದೆ.

ಶಿವಶಂಕರಪ್ಪನವರು ನಡುಮನೆಯಲ್ಲಿ ಒಬ್ಬರೇ ಕೂತಿದ್ದರು. ಗೋಡೆಯ ಮೇಲೆ ವರ್ಷಕ್ಕೊಂದರಂತೆ ಕ್ಲಬ್ಬಿನ ಗ್ರೂಪ್ ಫೋಟೋಗಳು. ನಾಲ್ಕೈದು ದಿನದಲ್ಲಿ ಅವರು ಹತ್ತು ವರ್ಷ ಹೆಚ್ಚು ಮುದುಕರಾಗಿದ್ದರು.

“ಬಾ ಕೊಟ್ರಬಸಪ್ಪ. ಊಟ ಆಯ್ತಾ?”

ನಾನು ಚೆಂಡನ್ನು ಅವರ ಮುಂದಿನ ಮೇಜಿನ ಮೇಲಿಟ್ಟೆ. ಗೆರೆಗಳು ಅವರ ಕಡೆ ಇರುವ ಹಾಗೆ ಇಟ್ಟೆ.

“ಸಾಹುಕಾರ್ರೆ, ರೋಲರ್ ಎಳೆದದ್ದು, ಗೆರೆ ಹಚ್ಚಿದ್ದು ಪುಟ್ಟಣ್ಣ ಅಲ್ಲ. ಆಯುಧಪೂಜೆ ದಿನ ಮಧ್ಯಾಹ್ನ ನೀವು ಭದ್ರಾವತಿ ಮೈದಾನದಲ್ಲಿದ್ರಿ.”

“ಯಾರು ಹೇಳಿದ್ದು?”

“ನಿಮ್ಮ ಉಗುರು.”

ಅವರು ಚೆಂಡನ್ನು ನೋಡಿದರು. ಆಮೇಲೆ ತಮ್ಮ ಬಗ್ಗಿದ ಬೆರಳನ್ನು ನೋಡಿಕೊಂಡರು. ವಾದ ಮಾಡುತ್ತಾರೆ, ಗದರುತ್ತಾರೆ, ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ದೊಡ್ಡ ಉಸಿರು ಬಿಟ್ಟರು. ಹೊತ್ತುಕೊಂಡ ಮೂಟೆ ಇಳಿಸಿದ ಹಮಾಲಿಯ ಉಸಿರು ಅದು.

“ಪೂಜೆ ಮಾಡಿದ ಆಯುಧ ಕಣಪ್ಪ,” ಅಂದರು. “ರೋಲರನ್ನ ಮತ್ತೆ ಮೂಲೆಗೆ ತಂದು ಬಿಟ್ಟು ಹೊರಟೆ. ಗೇಟಿನ ತನಕ ಹೋದೆ. ಹೂವು ಹಿಂಡಿಹೋಗಿತ್ತು, ಕುಂಕುಮ ಮಣ್ಣಾಗಿತ್ತು. ಹಾಗೇ ಬಿಟ್ಟುಹೋಗೋಕೆ ಮನಸ್ಸು ಬರಲಿಲ್ಲ. ವಾಪಸ್ಸು ಬಂದು ವಿಭೂತಿ ಹಚ್ಚಿ, ಜೇಬಲ್ಲಿದ್ದ ಪತ್ರೆ ಇಟ್ಟು, ಕೈಮುಗಿದು ಹೋದೆ.”

ನನಗೆ ಮೈಯೆಲ್ಲ ಉರಿಯಿತು. “ಒಬ್ಬ ಮನುಷ್ಯನ್ನ ಮಣ್ಣಿಗೆ ಹಾಕಿದ ಕೈಗೆ ಕಲ್ಲಿನ ಪೂಜೆ ಕೆಟ್ಟದ್ದು ತಡೆಯೋಕಾಗಲಿಲ್ವಾ?”

“ಬೈ. ಬೈಸಿಕೊಳ್ಳೋಕೆ ಅಂತಲೇ ನಿನ್ನನ್ನ ಕರೆಸಿದ್ದು. ನಾನಾಗಿ ಹೇಳೋಕೆ ನನಗೆ ಧೈರ್ಯ ಇರಲಿಲ್ಲ. ನೀನೇ ಹುಡುಕಿಕೊಂಡು ಬರ್ತೀಯ ಅಂತ ಗೊತ್ತಿತ್ತು.”

“ಹಾಲಸ್ವಾಮಿ ಏನು ಮಾಡಿದ್ದ ನಿಮಗೆ? ನೀವೇ ಕರೆತಂದ ಹುಡುಗ ಅವನು.”

“ನಾನೇ ತಂದೆ. ಮೂವತ್ತು ವರ್ಷ ಕೈಯಿಂದ ಹಾಕಿ ನಡೆಸಿದ ಕ್ಲಬ್ಬು. ನಾನು ಸತ್ತಮೇಲೆ ನಿಲ್ಲಬೇಕು, ಬೆಳೀಬೇಕು ಅಂತ ತಂದೆ. ಬೆಳೆಸ್ದ, ಇಲ್ಲ ಅನ್ನಲ್ಲ. ಬೇಲಿ ಹಾಕ್ದ, ಬಸ್ಸು ಬಿಟ್ಟ, ನನ್ನ ಬೆರಳಿನ ಗುರುತನ್ನೂ ಬಿಡದೆ ಟವೆಲ್ಲಿಗೆ ಹಾಕಿ ಮಾರ್ದ. ಆಮೇಲೆ ಹುಡುಗರನ್ನೇ ಮಾರೋಕೆ ಹೊರಟ. ಆ ಕಾಗದಕ್ಕೆ ನಾನೂ ಸಹಿ ಹಾ‌ಕ್ದೆ.”

“ಅದಕ್ಕೆ ಕೊಂದ್ರಾ?”

“ಯಾರನ್ನ?”

ಅವರ ಮುಖದಲ್ಲಿ ನಾಟಕ ಇರಲಿಲ್ಲ. ನನ್ನ ಕೈಯಲ್ಲಿದ್ದ ನಸ್ಯದ ಡಬ್ಬಿ ಅಲ್ಲೇ ನಿಂತಿತು.

“ಹಾಲಸ್ವಾಮಿನ,” ಅಂದೆ. “ಉತ್ತರದ ಗೋಲಿನ ಮುಂದೆ ಇರೋದು ಹಾಲಸ್ವಾಮಿ ತಾನೇ?”

“ಆ ರೋಲರನ್ನ ನಾನೊಬ್ಬನೇ ಎಳೀತೀನಾ ಮಾರಾಯ? ಒಂದು ಹಿಡಿ ನಾನು ಹಿಡಿದಿದ್ದೆ. ಇನ್ನೊಂದು ಹಿಡಿ ಹಿಡಿದವನೇ ಹಾಲಸ್ವಾಮಿ.”



“ಅವನೀಗ ಎಲ್ಲಿದ್ದಾನೆ?”

“ಗೊತ್ತಿಲ್ಲ. ಗೇಟು ದಾಟಿ ನಡೆದು ಹೋದ. ಕನ್ನಡಕ ಬಿದ್ದದ್ದು ಅವನಿಗೆ ತಿಳೀಲಿಲ್ಲ, ನನಗೂ ತಿಳೀಲಿಲ್ಲ.”

“ಹಾಗಾದ್ರೆ ಮಣ್ಣಲ್ಲಿರೋದು ಯಾರು ಸಾಹುಕಾರ್ರೆ?”

ಅವರು ಎದ್ದು ಗೋಡೆಯ ಹತ್ತಿರ ಹೋದರು. ಈ ವರ್ಷದ ಫೋಟೋದ ಮುಂದೆ ನಿಂತರು. ಹನ್ನೊಂದು ಜನರಲ್ಲಿ ನಡುವೆ ಕೂತವನ ಕಾಲಿಗೆ ಬೂಟು ಇರಲಿಲ್ಲ, ಬಟ್ಟೆಯ ಪಟ್ಟಿ ಸುತ್ತಿತ್ತು. ಅವರ ಬಗ್ಗಿದ ಬೆರಳು ಅವನ ಮೇಲೆ ನಿಂತಿತು.

“ಬೀರೂರಲ್ಲಿ ರೈಲಿನಿಂದ ಇಳಿದುಬಿಟ್ಟಿದ್ದನಂತೆ. ಎರಡು ದಿನ ಎಲ್ಲಿದ್ನೋ. ಅಕ್ಕನ ಮನೆಗೆ ಹೋಗೋಕೆ ನಾಚಿಕೆ. ಹಬ್ಬದ ದಿನ ಮೈದಾನದಲ್ಲಿ ಯಾರೂ ಇರಲ್ಲ ಅಂತ ಅಲ್ಲಿಗೆ ಬಂದಿದ್ದಾನೆ. ನಾನು ಆಡೋದಾದ್ರೆ ಇಲ್ಲೇ ಆಡ್ತೀನಿ, ಆ ಕಾಗದ ಹರೀರಿ ಅಂತ ಹೇಳೋಕೆ.”

ಜೇಬಿಗೆ ಕೈ ಹಾಕಿದೆ. ಹಸಿರು ಪಟ್ಟಿ ಬೆರಳಿಗೆ ಸಿಕ್ಕಿತು. ಹೊರಡುವ ದಿನ ಬೆಳಿಗ್ಗೆ ಹರಿದದ್ದು. ಟ್ರಂಕಿನಲ್ಲಿ ಕಲ್ಕತ್ತಾಕ್ಕೆ ಹೋಗಬೇಕಾದದ್ದು. ನಾನು ಅದನ್ನು ಮೈದಾನದ ಕಸ ಅಂದುಕೊಂಡಿದ್ದೆ.

“ಯಾರು ಹೊಡೆದದ್ದು?” ಅಂದೆ.

“ನಾನು ನೋಡಿಲ್ಲ. ನನ್ನಾಣೆಗೂ ನೋಡಿಲ್ಲ. ಹಾಲಸ್ವಾಮಿ ಪಕ್ಕದ ಅಂಗಡಿಯಿಂದ ಫೋನ್ ಮಾಡ್ದ, ಕಾರು ತಗೊಂಡು ಬನ್ನಿ ಅಂದ. ಹೋದಾಗ ಎಲ್ಲ ಮುಗಿದಿತ್ತು. ಹಾಲಸ್ವಾಮಿ ಕೈಯಲ್ಲಿ ಗುದ್ದಲಿ ಇತ್ತು. ಗೋಲ್ ಕಂಬ ತಬ್ಬಿಕೊಂಡು ಇನ್ನೊಬ್ಬ ಕೂತಿದ್ದ. ಹೊಡೆದದ್ದು ಯಾರು ಅಂತ ಅವರಿಬ್ಬರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ರೆ ಕ್ಲಬ್ಬು ಉಳೀತಿರಲಿಲ್ಲ. ಆಗ ನನಗೆ ಕ್ಲಬ್ಬು ಕಾಣಿಸ್ತು ಕೊಟ್ರಬಸಪ್ಪ, ಹುಡುಗ ಕಾಣಿಸಲಿಲ್ಲ.”

“ಇನ್ನೊಬ್ಬ ಯಾರು?”

“ನೀನೇ ಹೇಳ್ತಿದ್ದೀಯಲ್ಲ, ಅವನು ರೋಲರ್ ಎಳೆದಿಲ್ಲ, ಗೆರೆ ಹಚ್ಚಿಲ್ಲ ಅಂತ. ಸರಿಯಾಗೇ ಹೇಳಿದ್ದೀಯ. ಎಳೆಯೋ ಸ್ಥಿತೀಲಿ ಅವನು ಇರಲಿಲ್ಲ.”

ಲಾಕಪ್ಪಿನ ಕಂಬಿಯ ಹಿಂದೆ ಮೊಂಡು ಬೆರಳು ನೋಡುತ್ತಾ ಕೂತ ಮುಖ ನನ್ನ ಕಣ್ಣೆದುರು ಬಂತು. ಭೈರ ಹೋದರೆ ಮಾತ್ರ ಕಾಯಂ ಕೆಲಸ, ಹೋದರೆ ಮಾತ್ರ ಮನೆ. ಬಸ್ಸಿನಲ್ಲಿ, ಅವನು ನಿರಪರಾಧಿ ಎನ್ನಲು ಸಾವಿತ್ರಮ್ಮ ನನ್ನ ಕೈಗೆ ಕೊಟ್ಟಿದ್ದ ಕಾರಣ ಅದು.

“ಹಾಲಸ್ವಾಮಿಯ ಕೊಲೆ ಅವನು ಮಾಡಿಲ್ಲ,” ಅಂದರು ಶಿವಶಂಕರಪ್ಪನವರು. “ಮಾಡದ ಕೊಲೆಗೆ ಪುಟ್ಟಣ್ಣ ಗಲ್ಲಿಗೆ ಹೋಗಬಾರದು. ಅದಕ್ಕೇ ನಿನ್ನ ಕರೆಸಿದೆ.”

“ಮಾಡಿದ ಕೊಲೆ ಇದ್ರೆ?”

ಅವರು ಕಣ್ಣು ಮುಚ್ಚಿಕೊಂಡರು. ನಾನು ಇನ್ನೆರಡು ಸಲ ಕೇಳಿದೆ.  ಚೆಂಡನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ.

ಜಗಲಿಯಲ್ಲಿ ಸಾವಿತ್ರಮ್ಮ ದಡಬಡಿಸಿ ಎದ್ದು ನಿಂತಳು.

“ಏನಂದ್ರು ಸಾಹೇಬ್ರೆ? ಗೆರೆ ಎಳೆದದ್ದು ನಮ್ಮವರಲ್ಲ ಅಂತ ಒಪ್ಪಿದ್ರಾ?”

“ಒಪ್ಪಿದ್ರು.”

“ಠಾಣೆಗೆ ಬಂದು ಹೇಳ್ತಾರಂತಾ?”

“ಹೇಳ್ತಾರೆ.”

ಅವಳು ನನ್ನ ಕಾಲಿಗೆ ಬಗ್ಗಿದಳು. ನಾನು ಹಿಂದಕ್ಕೆ ಸರಿದೆ. ಕಣ್ಣೊರೆಸಿಕೊಂಡು ಅವಳು ಬುತ್ತಿಯ ಗಂಟನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಆಗ ಆ ಬಟ್ಟೆಯನ್ನು ನೋಡಿದೆ. ಹಸಿರು ಬಟ್ಟೆ, ಹಳದಿ ಚುಕ್ಕಿ. ಪಟ್ಟಿ ಹರಿದು ಉಳಿದ ಮದುವೆ ಸೀರೆಯ ತುಂಡು. ಬೆಳಗ್ಗಿನಿಂದ ಅದು ಅವಳ ಕೈಯಲ್ಲೇ ಇತ್ತು.

ಒಳಗೆ ಗಡಿಯಾರ ಮೂರು ಹೊಡೆಯಿತು. ನಾಲ್ಕಕ್ಕೆ ಅಗೆಯುತ್ತಾರೆ.

“ಭೈರಂಗೆ ಒಂದು ತಂತಿ ಕೊಡಬೇಕು,” ಅಂದಳು. ಅವಳ ಮುಖ ಅರಳಿತ್ತು. “ಭಾವನ ಮೇಲೆ ಬಂದ ಅಪವಾದ ತಪ್ಪಿತು, ಹೆದರಬೇಡ ಅಂತ. ಪತ್ರಿಕೆಯಲ್ಲಿ ಓದಿ ಅಲ್ಲಿ ಎಷ್ಟು ಸಂಕಟ ಪಡ್ತಿದ್ದಾನೋ ಏನೋ. ಕಲ್ಕತ್ತಾ ವಿಳಾಸ ಸಾಹುಕಾರ್ರ ಹತ್ರ ಇರುತ್ತಲ್ವಾ? ಒಳಗೆ ಹೋಗಿ ಕೇಳ್ಲಾ ಸಾಹೇಬ್ರೆ?”

ನಾನು ಬಾಗಿಲಿಗೆ ಅಡ್ಡ ನಿಂತೆ. ಜೇಬಿನೊಳಗೆ ನನ್ನ ಕೈ ಹಸಿರು ಪಟ್ಟಿಯನ್ನು ಮುಚ್ಚಿ ಹಿಡಿದಿತ್ತು.